ತೂಬಿನಷ್ಟೇ ನೀರು: ಕಂಪ್ಯೂಟರ್ ಆಟಗಳು ಕಲಿಸಿದ ಇಕ್ಕಟ್ಟಿನ ಲೆಕ್ಕ

1996ರ ಜೂನ್ 22ರಂದು ಅಮೆರಿಕದ ಟೆಕ್ಸಾಸ್‌ನಲ್ಲಿದ್ದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ 'ಕ್ವೇಕ್' ಎಂಬ ಆಟವನ್ನು ಹೊರತಂದಿತು. ಆ ವರ್ಷ ಹೊಸ ಕಂಪ್ಯೂಟರ್ ಕೊಳ್ಳುವವರ ಮುಂದೆ ಇಂಟೆಲ್‌ನ ಪೆಂಟಿಯಮ್ ಪ್ರೊಸೆಸರ್ ಇತ್ತು. ಅದಕ್ಕೆ ಪೈಪೋಟಿಯಾಗಿ ಸೈರಿಕ್ಸ್ ಕಂಪನಿಯ 6ಎಕ್ಸ್86 ಇತ್ತು. ಸೈರಿಕ್ಸ್‌ನ ಒಂದು ಮಾದರಿ ಓಡುತ್ತಿದ್ದದ್ದು 133 ಮೆಗಾಹರ್ಟ್ಸ್‌ನಲ್ಲಿ, ಆದರೆ ಅದರ ಮೇಲೆ ಬರೆದಿದ್ದದ್ದು 'ಪಿ166+' ಎಂದು. 166 ಮೆಗಾಹರ್ಟ್ಸ್‌ನ ಪೆಂಟಿಯಮ್‌ಗೆ ಸಮ ಅಥವಾ ಮಿಗಿಲು ಎಂಬುದು ಅದರ ಅರ್ಥ. ಇದೇನೂ ಸುಳ್ಳಾಗಿರಲಿಲ್ಲ. ಪತ್ರ ಟೈಪ್ ಮಾಡುವುದು, ಲೆಕ್ಕದ ಹಾಳೆ ತೆರೆಯುವುದು ಮುಂತಾದ ಆಫೀಸು ಕೆಲಸಗಳ ಪರೀಕ್ಷೆಯಲ್ಲಿ ಆ ಚಿಪ್ಪು ಹೇಳಿದಷ್ಟೂ ಕೆಲಸ ಮಾಡುತ್ತಿತ್ತು.

ಕ್ವೇಕ್ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಪೆಂಟಿಯಮ್ ಇದ್ದವರ ಮನೆಯಲ್ಲಿ ಸರಾಗವಾಗಿ ಓಡಿದ ಆಟ, ಸೈರಿಕ್ಸ್ ಇದ್ದವರ ಮನೆಯಲ್ಲಿ ಕುಂಟಿತು. ಕ್ವೇಕ್‌ನ ಮೂರು ಆಯಾಮದ ಜಗತ್ತು ಫ್ಲೋಟಿಂಗ್ ಪಾಯಿಂಟ್ ಲೆಕ್ಕವನ್ನು, ಎಂದರೆ ದಶಮಾಂಶ ಬಿಂದುವಿರುವ ಸಂಖ್ಯೆಗಳ ಲೆಕ್ಕವನ್ನು, ಹೇರಳವಾಗಿ ಬೇಡುತ್ತಿತ್ತು. ಪೆಂಟಿಯಮ್‌ನಲ್ಲಿ ಆ ಲೆಕ್ಕಕ್ಕೆಂದೇ ಇದ್ದ ಭಾಗ ಒಂದು ದೀರ್ಘ ಭಾಗಾಕಾರದಲ್ಲಿ ತೊಡಗಿರುವಾಗಲೇ ಚಿಪ್ಪಿನ ಉಳಿದ ಭಾಗ ಬೇರೆ ಕೆಲಸ ಮಾಡಬಲ್ಲದಾಗಿತ್ತು. ಆಟ ಬರೆದ ಜಾನ್ ಕಾರ್ಮ್ಯಾಕ್ ಮತ್ತು ಮೈಕೆಲ್ ಅಬ್ರಾಶ್ ಇದನ್ನೇ ಬಳಸಿಕೊಂಡರು. ಪ್ರತಿ 16 ಪಿಕ್ಸೆಲ್‌ಗೆ ಒಂದು ಭಾಗಾಕಾರ. ಅದು ಮುಗಿಯುವುದರೊಳಗೆ ಹಿಂದಿನ 16 ಪಿಕ್ಸೆಲ್ ಬಿಡಿಸಿ ಮುಗಿಸುವುದು. ಸೈರಿಕ್ಸ್‌ನ ಚಿಪ್ಪಿನಲ್ಲಿ ಇದೇ ಭಾಗ ದುರ್ಬಲವಾಗಿತ್ತು.

ಜೂನ್ 21ರಂದು ಒಳ್ಳೆಯದಾಗಿದ್ದ ಚಿಪ್ಪು ಮರುದಿನ ಕೆಟ್ಟುಹೋಗಲಿಲ್ಲ. ಬದಲಾದದ್ದು ಅದಕ್ಕೆ ಕೊಟ್ಟ ಕೆಲಸ. ಹಳೆಯ ಕಂಪ್ಯೂಟರಿಗೆ ಹೊಸ ಜೀವ ಕೊಡಲು ಹೊರಟವರು ಇಂದಿಗೂ ಎಡವುವುದು ಇಲ್ಲೇ. ಮುಂಬೈಯ ಲ್ಯಾಮಿಂಗ್ಟನ್ ರೋಡು, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರೋಡು, ಎಲ್ಲಿಗೆ ಹೋದರೂ ಕೌಂಟರಿನ ಮುಂದೆ ನಿಂತವರ ಪ್ರಶ್ನೆ ಒಂದೇ: ಆಟ ತಡವರಿಸುತ್ತಿದೆ, ಕೈಯಲ್ಲಿ ಇಷ್ಟು ಹಣ ಇದೆ, ಯಾವ ಭಾಗ ಬದಲಿಸಬೇಕು? ಉತ್ತರ ತಪ್ಪಿದರೆ ಒಂದು ತಿಂಗಳ ಸಂಬಳದಷ್ಟು ದುಡ್ಡು ಹೋಗಿ, ಆಟ ಮೊದಲಿನಂತೆಯೇ ತಡವರಿಸುತ್ತದೆ. ಈ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನಕ್ಕೆ ಆರು ದಶಕಗಳ ಚರಿತ್ರೆಯಿದೆ.

ಕೆರೆ, ಕಾಲುವೆ, ತೂಬು

ಇಂಗ್ಲಿಷಿನಲ್ಲಿ ಬಾಟಲ್‌ನೆಕ್ ಎನ್ನುವುದಕ್ಕೆ ಕನ್ನಡದ ಊರುಗಳಲ್ಲಿ ಹತ್ತಿರದ ಚಿತ್ರ ಕೆರೆಯ ತೂಬು. ಕೆರೆ ಕೋಡಿ ಬೀಳುವಷ್ಟು ತುಂಬಿರಬಹುದು, ಕೆಳಗಿನ ಕಾಲುವೆ ಅಗಲವಾಗಿರಬಹುದು. ಗದ್ದೆಗೆ ಹರಿಯುವುದು ತೂಬು ಬಿಟ್ಟಷ್ಟೇ ನೀರು. ಕಾಲುವೆಯನ್ನು ಇನ್ನೂ ಅಗಲ ಮಾಡಿದರೆ ಖರ್ಚು ಮಾತ್ರ.

ಕಂಪ್ಯೂಟರಿನಲ್ಲಿ ಇದನ್ನು ಗಣಿತವಾಗಿ ಹೇಳುವ ದಾರಿ ತೋರಿದವರು ಐಬಿಎಂನ ಸಿಸ್ಟಮ್/360 ಯಂತ್ರಗಳ ಮುಖ್ಯ ವಿನ್ಯಾಸಕಾರ ಜೀನ್ ಆಮ್ಡಾಲ್. ಬಹಳಷ್ಟು ಪ್ರೊಸೆಸರ್‌ಗಳನ್ನು ಒಟ್ಟಿಗೆ ಹೂಡಿದರೆ ಯಾವ ಕೆಲಸವನ್ನಾದರೂ ಎಷ್ಟು ಬೇಕಾದರೂ ವೇಗವಾಗಿ ಮುಗಿಸಬಹುದು ಎಂಬ ಉತ್ಸಾಹ 1960ರ ದಶಕದಲ್ಲಿತ್ತು. 1967ರಲ್ಲಿ ಅವರು ಒಂದು ಸಮ್ಮೇಳನದಲ್ಲಿ ಇದಕ್ಕೆ ತಣ್ಣೀರು ಎರಚಿದರು. ಅವರ ವಾದದ ತಿರುಳು ಸರಳ. ನೂರು ನಿಮಿಷದ ಒಂದು ಕೆಲಸದಲ್ಲಿ 60 ನಿಮಿಷದ ಪಾಲನ್ನು ಹಲವರಿಗೆ ಹಂಚಬಹುದು, ಉಳಿದ 40 ನಿಮಿಷದ್ದನ್ನು ಒಬ್ಬರೇ ಸಾಲಾಗಿ ಮಾಡಬೇಕು ಎಂದಿಟ್ಟುಕೊಳ್ಳೋಣ. ಸಾವಿರ ಜನರನ್ನು ಕರೆತಂದರೂ ಆ 40 ನಿಮಿಷ ಕರಗುವುದಿಲ್ಲ. ಒಟ್ಟು ವೇಗ ಎರಡೂವರೆ ಪಟ್ಟು ದಾಟುವುದೇ ಇಲ್ಲ. ಮುಂದೆ ಇದಕ್ಕೆ ಆಮ್ಡಾಲ್ ನಿಯಮ ಎಂದೇ ಹೆಸರಾಯಿತು.

ಹತ್ತು ವರ್ಷದ ನಂತರ, 1977ರಲ್ಲಿ, ಫೋರ್ಟ್ರಾನ್ ಭಾಷೆಯನ್ನು ರೂಪಿಸಿದ ಜಾನ್ ಬ್ಯಾಕಸ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಇನ್ನೊಂದು ತೂಬನ್ನು ತೋರಿಸಿದರು. ಲೆಕ್ಕ ಮಾಡುವ ಪ್ರೊಸೆಸರ್ ಒಂದು ಕಡೆ, ಅಂಕಿಅಂಶ ಇಟ್ಟುಕೊಳ್ಳುವ ಮೆಮೊರಿ ಇನ್ನೊಂದು ಕಡೆ. ಎರಡರ ನಡುವೆ ಇರುವುದು ಒಂದು ಕಿರಿದಾದ ದಾರಿ. ಇದನ್ನು ಅವರು ವಾನ್ ನಾಯ್ಮನ್ ಬಾಟಲ್‌ನೆಕ್ ಎಂದು ಕರೆದರು. ಈ ಎರಡೂ ಎಚ್ಚರಿಕೆಗಳು ದೊಡ್ಡ ಯಂತ್ರಗಳ ಪಂಡಿತರ ನಡುವಿನ ಮಾತಾಗಿದ್ದವು. ಅವು ಮನೆಗಳಿಗೆ ಬಂದದ್ದು ಆಟಗಳ ಮೂಲಕ.

ಆಟವೇ ಅಳತೆಗೋಲಾದದ್ದು

1993ರ ಡಿಸೆಂಬರ್‌ನಲ್ಲಿ ಇಡ್ ಸಾಫ್ಟ್‌ವೇರ್‌ನದೇ 'ಡೂಮ್' ಬಂತು. ಆಗ ಮನೆಗಳಲ್ಲಿದ್ದ ಒಳ್ಳೆಯ ಪ್ರೊಸೆಸರ್ ಇಂಟೆಲ್‌ನ 486. ಅದರ ಡಿಎಕ್ಸ್2 ಮಾದರಿ ಒಳಗೆ 66 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು, ಹೊರಗಿನ ಜಗತ್ತಿನೊಡನೆ ಮಾತಾಡುತ್ತಿದ್ದದ್ದು 33ರಲ್ಲಿ. ಗ್ರಾಫಿಕ್ಸ್ ಕಾರ್ಡ್ ಕುಳಿತಿದ್ದ ಐಎಸ್‌ಎ ಎಂಬ ದಾರಿಯಂತೂ 1984ರ ಐಬಿಎಂ ಪಿಸಿ ಎಟಿ ಕಾಲದ್ದು. ಸುಮಾರು 8 ಮೆಗಾಹರ್ಟ್ಸ್, ಒಂದು ಸಲಕ್ಕೆ 16 ಬಿಟ್. ಡೂಮ್‌ನ ಒಂದು ಚಿತ್ರದಲ್ಲಿ 320 ಅಡ್ಡ, 200 ಉದ್ದ, ಒಟ್ಟು 64,000 ಪಿಕ್ಸೆಲ್. ಒಂದೊಂದಕ್ಕೂ ಒಂದು ಬೈಟ್. ಆಟದ ಮಿತಿಯಾದ ಸೆಕೆಂಡಿಗೆ 35 ಚಿತ್ರ ತೋರಿಸಬೇಕೆಂದರೆ 22 ಲಕ್ಷಕ್ಕೂ ಹೆಚ್ಚು ಬೈಟ್ ಆ ಹಳೆಯ ದಾರಿಯಲ್ಲಿ ಸಾಗಬೇಕು. ಪ್ರೊಸೆಸರ್ ಚಿತ್ರ ಸಿದ್ಧಮಾಡಿಕೊಂಡು ದಾರಿ ಬಿಡುವುದನ್ನೇ ಕಾಯುತ್ತಿತ್ತು. ಪ್ರೊಸೆಸರಿನ ದಾರಿಗೇ ಕಾರ್ಡನ್ನು ಜೋಡಿಸುವ ವೆಸಾ ಲೋಕಲ್ ಬಸ್ ಇದ್ದ ಮದರ್‌ಬೋರ್ಡಿನಲ್ಲಿ ಅದೇ 486 ಡೂಮನ್ನು ಗಮನಾರ್ಹವಾಗಿ ವೇಗವಾಗಿ ಓಡಿಸಿತು.

ಇದು ಗೊತ್ತಾದದ್ದು ಹೇಗೆ? ಡೂಮ್‌ನಲ್ಲಿ 'ಟೈಮ್‌ಡೆಮೊ' ಎಂಬ ಸೌಕರ್ಯವಿತ್ತು. ಮೊದಲೇ ಮುದ್ರಿಸಿಟ್ಟ ಒಂದು ಆಟವನ್ನು ಯಂತ್ರ ತನ್ನಿಂದಾದಷ್ಟು ವೇಗವಾಗಿ ಮತ್ತೆ ಓಡಿಸಿ, ಎಷ್ಟು ಸಮಯ ಹಿಡಿಯಿತು ಎಂದು ಹೇಳುತ್ತಿತ್ತು. ಆಡುವವರ ಕೈಚಳಕದ ಪ್ರಶ್ನೆ ಅಲ್ಲಿಲ್ಲ. ಒಂದೇ ಕೆಲಸ, ಒಂದೇ ಹಾದಿ. ಒಂದು ಭಾಗ ಮಾತ್ರ ಬದಲಿಸಿ ಮತ್ತೆ ಓಡಿಸಿದರೆ ವ್ಯತ್ಯಾಸಕ್ಕೆ ಕಾರಣ ಆ ಭಾಗವೇ. ಪ್ರಯೋಗಾಲಯದ ಈ ಶಿಸ್ತು ಒಂದು ಆಟದ ನೆಪದಲ್ಲಿ ಮನೆಮನೆಗೆ ಬಂತು.

ತೂಬು ಜಾಗ ಬದಲಿಸುತ್ತದೆ

1996ರಲ್ಲಿ ತ್ರೀಡಿಎಫ್‌ಎಕ್ಸ್ ಎಂಬ ಕಂಪನಿಯ ವೂಡೂ ಗ್ರಾಫಿಕ್ಸ್ ಚಿಪ್ಪು ಬಂತು. ಅದು ಮೂರು ಆಯಾಮದ ಚಿತ್ರ ಬಿಡಿಸುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಸಾಮಾನ್ಯ ಪರದೆಗೆ ಇನ್ನೊಂದು ಕಾರ್ಡ್ ಬೇಕಿತ್ತು, ಎರಡನ್ನೂ ಹಿಂದಿನಿಂದ ಒಂದು ಕೇಬಲ್ ಜೋಡಿಸುತ್ತಿತ್ತು. 1997ರ ಜನವರಿಯಲ್ಲಿ ಕ್ವೇಕ್‌ನ ಹೊಸ ರೂಪ 'ಜಿಎಲ್‌ಕ್ವೇಕ್' ಬಂದಾಗ, ವೂಡೂ ಇದ್ದ ಯಂತ್ರಗಳು 640 x 480 ಪಿಕ್ಸೆಲ್‌ಗಳಲ್ಲಿ ಆಟ ತೋರಿಸಿದವು. ಹಿಂದಿನ 64,000ದ ಬದಲು 3,07,200 ಪಿಕ್ಸೆಲ್, ಆದರೂ ಓಟ ಸರಾಗ. ಪಿಕ್ಸೆಲ್ ಬಿಡಿಸುವ ಹೊರೆ ಪ್ರೊಸೆಸರಿನ ಹೆಗಲಿನಿಂದ ಇಳಿದಿತ್ತು.

ಇಳಿದದ್ದು ಆ ಒಂದು ಹೊರೆ ಮಾತ್ರ. ಯಾವ ವಸ್ತು ಎಲ್ಲಿದೆ, ಯಾವ ಕೋನದಲ್ಲಿ ಕಾಣುತ್ತದೆ ಎಂಬ ಲೆಕ್ಕ ಇನ್ನೂ ಪ್ರೊಸೆಸರಿನದೇ. 1998ರಲ್ಲಿ ವೂಡೂ2 ಬಂದಾಗ ಹಳೆಯ ಪೆಂಟಿಯಮ್ ಇದ್ದವರು ಅದನ್ನು ತಂದು ಹಾಕಿಕೊಂಡು ನಿರಾಶರಾದರು. ಕಾರ್ಡ್ ಸಿದ್ಧವಿತ್ತು, ಅದಕ್ಕೆ ಕೆಲಸ ಕೊಡುವ ಕೈ ನಿಧಾನವಾಗಿತ್ತು. ಆಟಗಾರರ ಮಾತಿನಲ್ಲಿ 'ಸಿಪಿಯು ಲಿಮಿಟೆಡ್' ಎಂಬ ಪದ ಬಳಕೆಗೆ ಬಂದದ್ದು ಇಂಥ ಅನುಭವಗಳಿಂದ.

ಈ ಲೆಕ್ಕವನ್ನೂ ಪ್ರೊಸೆಸರಿನಿಂದ ಕಿತ್ತುಕೊಳ್ಳುವುದಾಗಿ ಎನ್‌ವಿಡಿಯಾ 1999ರಲ್ಲಿ ಜಿಫೋರ್ಸ್ 256 ತಂದಿತು. ಜಿಪಿಯು ಎಂಬ ಹೆಸರಿನಲ್ಲಿ ಮಾರಿತು. ಆಗ ತೂಬು ಇನ್ನೊಂದು ಕಡೆ ಸರಿಯಿತು. ಚಿಪ್ಪು ಚುರುಕಾಗಿತ್ತು, ಕಾರ್ಡಿನ ಮೇಲಿದ್ದ ಮೆಮೊರಿ ಅದರ ವೇಗಕ್ಕೆ ಸಾಲಲಿಲ್ಲ. ಕೆಲವೇ ಸಮಯದಲ್ಲಿ ಅದೇ ಚಿಪ್ಪಿಗೆ ಡಿಡಿಆರ್ ಮೆಮೊರಿ ಹಾಕಿದ ಇನ್ನೊಂದು ಮಾದರಿ ಬಂತು. ದೊಡ್ಡ ರೆಸಲ್ಯೂಶನ್‌ನಲ್ಲಿ, 32 ಬಿಟ್ ಬಣ್ಣದಲ್ಲಿ ಅದು ಸ್ಪಷ್ಟವಾಗಿ ಮುಂದಿತ್ತು. ಬ್ಯಾಕಸ್ ತೋರಿಸಿದ ಕಿರಿದಾರಿ ಗ್ರಾಫಿಕ್ಸ್ ಕಾರ್ಡಿನೊಳಗೂ ಇತ್ತು.

ಇದೇ ಕಾಲದಲ್ಲಿ, ಯಾವ ಭಾಗವನ್ನೂ ಕೊಳ್ಳದೆ ತೂಬು ಪತ್ತೆ ಮಾಡುವ ಉಪಾಯ ಎಲ್ಲರಿಗೂ ಗೊತ್ತಾಯಿತು. 1999ರ ಡಿಸೆಂಬರ್‌ನ 'ಕ್ವೇಕ್ 3' ಆಟವನ್ನು ಪತ್ರಿಕೆಗಳು 640 x 480ರಿಂದ 1600 x 1200ರವರೆಗೆ ಬೇರೆ ಬೇರೆ ರೆಸಲ್ಯೂಶನ್‌ನಲ್ಲಿ ಓಡಿಸಿ ಅಂಕಿ ಕೊಡುತ್ತಿದ್ದವು. ಕೊನೆಯದರಲ್ಲಿ ಮೊದಲಿನದಕ್ಕಿಂತ ಆರು ಪಟ್ಟಿಗೂ ಹೆಚ್ಚು ಪಿಕ್ಸೆಲ್ ಇವೆ, ಆದರೆ ಪ್ರೊಸೆಸರಿನ ಕೆಲಸ ಬಹುಮಟ್ಟಿಗೆ ಅಷ್ಟೇ. ಹಾಗಾಗಿ ರೆಸಲ್ಯೂಶನ್ ತಗ್ಗಿಸಿದಾಗ ಓಟ ಜಿಗಿದರೆ ಇಕ್ಕಟ್ಟು ಗ್ರಾಫಿಕ್ಸ್ ಕಾರ್ಡಿನಲ್ಲಿ. ಕದಲದಿದ್ದರೆ ಪ್ರೊಸೆಸರಿನಲ್ಲಿ ಅಥವಾ ಅದರ ಮೆಮೊರಿಯಲ್ಲಿ. ಕಾಲು ಶತಮಾನ ಕಳೆದರೂ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಒಂದು ಲೆಕ್ಕ ಇದನ್ನು ಬಿಡಿಸಿ ಹೇಳುತ್ತದೆ. ಒಂದು ಫ್ರೇಮನ್ನು ಸಿದ್ಧಪಡಿಸಲು ಪ್ರೊಸೆಸರಿಗೆ 25 ಮಿಲಿಸೆಕೆಂಡ್, ಅದನ್ನು ಬಿಡಿಸಲು ಕಾರ್ಡಿಗೆ 20 ಮಿಲಿಸೆಕೆಂಡ್ ಬೇಕು ಎನ್ನೋಣ. ಕಾರ್ಡ್ ಒಂದನ್ನು ಬಿಡಿಸುವಾಗ ಪ್ರೊಸೆಸರ್ ಮುಂದಿನದನ್ನು ಸಿದ್ಧಪಡಿಸುತ್ತಿರುತ್ತದೆ. ಹಾಗಾಗಿ ನಿಧಾನದವರ ವೇಗವೇ ಒಟ್ಟು ವೇಗ: ಸೆಕೆಂಡಿಗೆ 40 ಫ್ರೇಮ್. ಈಗ 8 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಸುವ ದುಬಾರಿ ಕಾರ್ಡ್ ತಂದರೂ ಸಿಗುವುದು ಅದೇ 40.

ಶೇಕಡಾವಾರಿನ ಮೋಸ

2004ರ ಹೊತ್ತಿಗೆ ಪ್ರೊಸೆಸರಿನ ಮೆಗಾಹರ್ಟ್ಸ್ ಓಟ ಶಾಖದ ಗೋಡೆಗೆ ಬಡಿಯಿತು. ಇಂಟೆಲ್ ಆ ವರ್ಷ ತನ್ನ ಮುಂದಿನ ಪೆಂಟಿಯಮ್ ಯೋಜನೆಯನ್ನು ಕೈಬಿಟ್ಟಿತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಎರಡೂ ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಕೊಡಲು ಶುರುಮಾಡಿದವು. ಆಮ್ಡಾಲ್‌ನ ಹಳೆಯ ನಿಯಮ ಈಗ ಮನೆಯ ಮೇಜಿಗೆ ಬಂತು. 2007ರ ನವೆಂಬರ್‌ನಲ್ಲಿ ಬಂದ ಜರ್ಮನಿಯ ಕ್ರೈಟೆಕ್ ಕಂಪನಿಯ 'ಕ್ರೈಸಿಸ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಲೆಕ್ಕದ ಬಹುಪಾಲು ಒಂದೇ ಸಾಲಿನಲ್ಲಿ, ಒಂದೇ ಕೋರ್‌ನ ಮೇಲೆ ಸಾಗುವಂಥದ್ದು. ಎಷ್ಟೋ ವರ್ಷದ ನಂತರದ ಎಂಟು ಕೋರ್‌ಗಳ ಯಂತ್ರದಲ್ಲೂ ಅದು ಕೆಲವು ದೃಶ್ಯಗಳಲ್ಲಿ ಏದುಸಿರು ಬಿಡುತ್ತಿತ್ತು.

ಇಲ್ಲಿ ಹುಟ್ಟಿದ ಒಂದು ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಶೇ. 20ರಷ್ಟು ಮಾತ್ರ ಕೆಲಸ ಮಾಡುತ್ತಿದೆ ಎಂದು ಕಾಣುತ್ತದೆ. ಹಾಗಾದರೆ ಇಕ್ಕಟ್ಟು ಅಲ್ಲಿಲ್ಲ ಎಂದು ಗಿರಾಕಿ ಕಾರ್ಡ್ ಕೊಳ್ಳಲು ಹೊರಡುತ್ತಾನೆ. ಎಂಟು ಕೋರ್‌ಗಳ ಪ್ರೊಸೆಸರಿನಲ್ಲಿ ಒಂದು ಕೋರ್ ಪೂರ್ತಿ ದಣಿದು, ಉಳಿದ ಏಳು ಸುಮ್ಮನೆ ಕುಳಿತಿದ್ದರೆ ಸರಾಸರಿ ಶೇ. 12.5. ಅಡುಗೆಮನೆಯಲ್ಲಿ ಎಂಟು ಜನರಿದ್ದು ಒಬ್ಬರೇ ಒಲೆಯ ಮುಂದೆ ಬೇಯುತ್ತಿದ್ದರೆ, ಊಟ ತಡವಾಗುವುದಕ್ಕೆ ಜನ ಕಡಿಮೆಯಾದದ್ದು ಕಾರಣವಲ್ಲ. ನೋಡಬೇಕಾದದ್ದು ಕಾರ್ಡಿನ ಬಳಕೆ. ಫ್ರೇಮ್ ಮಿತಿ ಯಾವುದನ್ನೂ ಹಾಕಿರದಿದ್ದರೂ ಅದು ಶೇ. 95ಕ್ಕಿಂತ ಬಹಳ ಕೆಳಗಿದ್ದರೆ, ಕಾರ್ಡ್ ಯಾರಿಗಾಗಿಯೋ ಕಾಯುತ್ತಿದೆ ಎಂದೇ ಅರ್ಥ.

ಕಾಯಿಸುವವರಲ್ಲಿ ತಂತ್ರಾಂಶವೂ ಒಂದು. ಪರದೆಯ ಮೇಲಿನ ಪ್ರತಿ ವಸ್ತುವಿಗೂ ಪ್ರೊಸೆಸರ್ ಕಾರ್ಡಿಗೆ ಆಜ್ಞೆ ಕೊಡಬೇಕು. ಹಳೆಯ ವ್ಯವಸ್ಥೆಯಲ್ಲಿ ಒಂದೊಂದು ಆಜ್ಞೆಗೂ ತಗಲುವ ಸಮಯ ಹೆಚ್ಚಿತ್ತು. 2013ರಲ್ಲಿ ಎಎಂಡಿ ಘೋಷಿಸಿದ ಮ್ಯಾಂಟಲ್, 2015ರ ಡೈರೆಕ್ಟ್‌ಎಕ್ಸ್ 12, 2016ರ ವಲ್ಕನ್ ಇವೆಲ್ಲ ಈ ಹೊರೆ ಇಳಿಸಲು ಹುಟ್ಟಿದವು. ಇವನ್ನು ಬಳಸಿಕೊಂಡ ಆಟಗಳಲ್ಲಿ ಹೆಚ್ಚು ಲಾಭ ಪಡೆದವರು ನಿಧಾನದ ಪ್ರೊಸೆಸರ್ ಇದ್ದವರು.

2011ರಲ್ಲಿ ಅಳತೆಯ ವಿಧಾನವೇ ಪ್ರಶ್ನೆಗೆ ಒಳಗಾಯಿತು. ಟೆಕ್ ರಿಪೋರ್ಟ್‌ನ ಸ್ಕಾಟ್ ವಾಸನ್ ಆ ಸೆಪ್ಟೆಂಬರ್‌ನಲ್ಲಿ ಬರೆದ ಲೇಖನ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಸರಾಸರಿಯನ್ನು ಬಿಟ್ಟು ಒಂದೊಂದು ಫ್ರೇಮಿಗೆ ಎಷ್ಟು ಮಿಲಿಸೆಕೆಂಡ್ ಎಂದು ನೋಡಬೇಕು ಎಂದಿತು. 50 ಫ್ರೇಮ್‌ಗಳು ತಲಾ 10 ಮಿಲಿಸೆಕೆಂಡಿನಲ್ಲಿ ಮುಗಿದು, 51ನೆಯದು 500 ಮಿಲಿಸೆಕೆಂಡ್ ಹಿಡಿದರೆ ಸರಾಸರಿ 51 ಎಂದು ಚೆನ್ನಾಗಿಯೇ ಕಾಣುತ್ತದೆ. ಆಡುವವರಿಗೆ ಕಾಣುವುದು ಅರ್ಧ ಸೆಕೆಂಡ್ ಕಲ್ಲಾದ ಪರದೆ. ಹಳೆಯ ಯಂತ್ರಗಳ ತಡವರಿಕೆ ಹೆಚ್ಚಾಗಿ ಇಂಥದ್ದು. ರ‍್ಯಾಮ್ ಸಾಲದೆ ಹಾರ್ಡ್ ಡಿಸ್ಕಿಗೆ ಹೋಗಬೇಕಾಗಿ ಬಂದಾಗ, ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ತಲೆಯ ಕೆಳಗೆ ಬರಲೇ ಸರಾಸರಿ 4 ಮಿಲಿಸೆಕೆಂಡ್ ಬೇಕು. ತಲೆ ಅಲ್ಲಿಗೆ ಸರಿಯುವ ಸಮಯ ಬೇರೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದೇ 16.7 ಮಿಲಿಸೆಕೆಂಡ್. ಇಂಥ ಯಂತ್ರಕ್ಕೆ ಬೇಕಾದದ್ದು ಇನ್ನಷ್ಟು ರ‍್ಯಾಮ್ ಮತ್ತು ಒಂದು ಎಸ್‌ಎಸ್‌ಡಿ, ಹೊಸ ಕಾರ್ಡಲ್ಲ.

ಅಂಗಡಿಯ ಅಂಕಿ, ಮನೆಯ ಅಂಕಿ

ಗ್ರಾಫಿಕ್ಸ್ ಕಾರ್ಡುಗಳನ್ನು ಪರೀಕ್ಷಿಸುವವರು ಅವನ್ನು ಅತಿ ವೇಗದ ಪ್ರೊಸೆಸರ್ ಇರುವ ಯಂತ್ರದಲ್ಲಿ ಕೂರಿಸುತ್ತಾರೆ. ಅದು ಸರಿಯೇ. ಬೇರೆ ಇಕ್ಕಟ್ಟುಗಳನ್ನೆಲ್ಲ ತೆಗೆದರೆ ಮಾತ್ರ ಕಾರ್ಡ್ ಕಾರ್ಡಿನ ನಡುವಿನ ವ್ಯತ್ಯಾಸ ಕಾಣುತ್ತದೆ. ಆದರೆ ಅಗ್ಗದ ಕಾರ್ಡ್ ಕೊಳ್ಳುವವರ ಮನೆಯಲ್ಲಿ ಅಂಥ ಯಂತ್ರ ಇರುವುದಿಲ್ಲ.

2022ರ ಜನವರಿಯಲ್ಲಿ ಎಎಂಡಿ ಕಡಿಮೆ ಬೆಲೆಯ ಆರ್‌ಎಕ್ಸ್ 6500 ಎಕ್ಸ್‌ಟಿ ತಂದಿತು. ಅದರಲ್ಲಿದ್ದದ್ದು 4 ಜಿಬಿ ಮೆಮೊರಿ, ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ 4 ಲೇನು. ನಾಲ್ಕನೇ ತಲೆಮಾರಿನ ಬೋರ್ಡಿನಲ್ಲಿ ಆ ದಾರಿಯಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುತ್ತದೆ, ಮೂರನೇ ತಲೆಮಾರಿನದರಲ್ಲಿ ಅರ್ಧ. ಕಾರ್ಡಿನ ಸ್ವಂತ ಮೆಮೊರಿ ತುಂಬಿ ರ‍್ಯಾಮ್‌ನಿಂದ ತರಬೇಕಾದಾಗ ಹಳೆಯ ಬೋರ್ಡಿನಲ್ಲಿ ಓಟ ಕುಸಿಯುತ್ತಿತ್ತು. ಹಳೆಯ ಯಂತ್ರದವರಿಗೆ ಹೆಚ್ಚು ಆಕರ್ಷಕವಾಗಿ ಕಂಡ ಕಾರ್ಡ್ ಹಳೆಯ ಯಂತ್ರದಲ್ಲೇ ಹೆಚ್ಚು ಸೋತಿತು. 1993ರ ಐಎಸ್‌ಎ ಕಥೆಯೇ ಮತ್ತೆ ನಡೆದಿತ್ತು.

2024ರ ಡಿಸೆಂಬರ್‌ನಲ್ಲಿ ಇಂಟೆಲ್‌ನ ಆರ್ಕ್ ಬಿ580 ಬಂದಾಗಲೂ ಹೀಗೇ ಆಯಿತು. 12 ಜಿಬಿ ಮೆಮೊರಿಯ, 249 ಡಾಲರಿನ ಆ ಕಾರ್ಡ್ ಮೊದಲ ಪರೀಕ್ಷೆಗಳಲ್ಲಿ ಭಾರಿ ಹೊಗಳಿಕೆ ಪಡೆಯಿತು. ಮುಂದಿನ ತಿಂಗಳು ಅದನ್ನು ಹಳೆಯ ಪ್ರೊಸೆಸರ್‌ಗಳ ಜೊತೆ ಓಡಿಸಿ ನೋಡಿದವರಿಗೆ ಬೇರೆಯೇ ಅಂಕಿ ಸಿಕ್ಕಿತು. ಅದರ ಡ್ರೈವರ್ ತಂತ್ರಾಂಶ ಪ್ರೊಸೆಸರಿನಿಂದ ಹೆಚ್ಚು ಕೆಲಸ ಬೇಡುತ್ತಿತ್ತು. ಹಲವು ಆಟಗಳಲ್ಲಿ ಕಾರ್ಡಿನ ಮೇಲುಗೈ ಕರಗಿಹೋಯಿತು.

ಇದಕ್ಕೆ ವಿರುದ್ಧವಾದ ಕಥೆಯೂ ಇದೆ. 2022ರ ಏಪ್ರಿಲ್‌ನಲ್ಲಿ ಎಎಂಡಿ ರೈಜನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರ್ ತಂದಿತು. ಅದರ ಅಣ್ಣ 5800ಎಕ್ಸ್ 4.7 ಗಿಗಾಹರ್ಟ್ಸ್‌ವರೆಗೆ ಏರುತ್ತಿತ್ತು, ಇದು 4.5ಕ್ಕೇ ನಿಲ್ಲುತ್ತಿತ್ತು. ಆದರೆ ಅಣ್ಣನಲ್ಲಿ 32 ಎಂಬಿ ಇದ್ದ ಎಲ್3 ಕ್ಯಾಶ್ ಇದರಲ್ಲಿ 96 ಎಂಬಿ. ಆಟಗಳಲ್ಲಿ ಸಾಮಾನ್ಯವಾಗಿ ತಮ್ಮನೇ ಮುಂದೆ. ಪ್ರೊಸೆಸರ್ ಲೆಕ್ಕ ಮಾಡುವುದಕ್ಕಿಂತ ರ‍್ಯಾಮ್‌ನಿಂದ ಅಂಕಿ ಬರುವುದನ್ನು ಕಾಯುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತಿದ್ದ ಆಟಗಳಲ್ಲಿ, ಕೈಗೆಟುಕುವಲ್ಲೇ ದೊಡ್ಡ ಕಣಜ ಇದ್ದದ್ದು ಗೆಲುವಾಯಿತು. 2017ರಲ್ಲಿ ಕೊಂಡ ಹಲವು ಮದರ್‌ಬೋರ್ಡುಗಳಿಗೂ ಬಯೋಸ್ ಅಪ್‌ಡೇಟ್ ಮಾಡಿದರೆ ಇದು ಕೂರುತ್ತಿತ್ತು. ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಯಾವುದನ್ನೂ ಬದಲಿಸದೆ ಐದು ವರ್ಷದ ಯಂತ್ರಗಳು ಹೊಸದರ ಸಮಕ್ಕೆ ನಿಂತವು.

ಮೂವತ್ತು ವರ್ಷದ ಈ ಅನುಭವದಿಂದ ಹುಡುಕಾಟದ ಒಂದು ಕ್ರಮ ಮೂಡಿದೆ. ಅದು ಖರ್ಚಿಲ್ಲದ ಕಡೆಯಿಂದ ಶುರುವಾಗುತ್ತದೆ. ಮೊದಲು ಶಾಖ: ಧೂಳು ತುಂಬಿದ ಫ್ಯಾನು, ಒಣಗಿದ ಥರ್ಮಲ್ ಪೇಸ್ಟ್ ಇದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಆಮೇಲೆ ರ‍್ಯಾಮ್: ಒಂದೇ ಸ್ಟಿಕ್ ಇದ್ದರೆ ಮೆಮೊರಿಯ ಎರಡು ದಾರಿಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ, ಎರಡನೆಯದನ್ನು ಸರಿಯಾದ ಸ್ಲಾಟಿನಲ್ಲಿ ಹಾಕಿದರೆ ದಾರಿ ದುಪ್ಪಟ್ಟು ಅಗಲವಾಗುತ್ತದೆ. ಆಮೇಲೆ ಆಡಬೇಕೆಂದಿರುವ ಆಟದಲ್ಲೇ ರೆಸಲ್ಯೂಶನ್ ತಗ್ಗಿಸಿ ನೋಡುವುದು, ಕಾರ್ಡಿನ ಬಳಕೆಯನ್ನೂ ಒಂದೊಂದು ಫ್ರೇಮಿನ ಸಮಯವನ್ನೂ ಗಮನಿಸುವುದು. ಇಷ್ಟಾದ ಮೇಲೆ ಅಂಗಡಿ. ಅಲ್ಲಿಗೆ ಹೋಗುವ ಮುಂಚೆ ನೋಡಬೇಕಾದ ಇನ್ನೊಂದು ಭಾಗ ಕಣ್ಣೆದುರಿಗೇ ಇರುತ್ತದೆ: ಮಾನಿಟರ್. ಅದು 60 ಹರ್ಟ್ಸ್‌ನದಾದರೆ ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚು ಚಿತ್ರ ಬದಲಿಸಲಾರದು. ಯಂತ್ರ ಈಗಾಗಲೇ ಸ್ಥಿರವಾಗಿ 60 ಫ್ರೇಮ್ ಕೊಡುತ್ತಿದ್ದರೆ, ಹೊಸ ಕಾರ್ಡ್ ಬಿಡಿಸುವ 140ರಲ್ಲಿ ಹೆಚ್ಚಿನವು ಪರದೆಯನ್ನು ಮುಟ್ಟುವುದೇ ಇಲ್ಲ.